ಗಾಜಿಗೆ ಕಟ್ಟಿದ ಉಪ್ಪು

ಮೈಸೂರು
೨೬ ಆಗಸ್ಟ್ ೧೯೩೪

ಪ್ರೀತಿಯ ಲೂರ್ದು ಅಣ್ಣನವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ದೀಪಸ್ತಂಭದ ಮೆಟ್ಟಿಲು ಹತ್ತುವಾಗಲೆಲ್ಲ ಅದು ನನ್ನ ಹೆಸರು ಹಿಡಿದು ಬೈಯುತ್ತಿರಬೇಕು. ನನ್ನನ್ನು ಬಿ.ಎ. ಓದಿಸಲೆಂದೇ ತಾನೆ ನೀವು ಆ ದ್ವೀಪದ ನೌಕರಿ ಹಿಡಿದದ್ದು? ಫಲವಾಗಿ ನಿಮಗೆ ಕಡಲ ನಡುವೆ ದೀಪ, ನನಗೆ ಶಾಲೆಯಲ್ಲಿ ಹುಡುಗರ ಮೇಲೆ ಕೋಪ. (ಪ್ರಾಸದ ಚಾಳಿ ಇನ್ನೂ ಬಿಟ್ಟಿಲ್ಲ.) ದೇವಮಾತೆಯ ದಯೆಯಿಂದ ಇಲ್ಲಿ ಮನೆಮಂದಿಯೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಸಮಾಚಾರ ಬರೆಯಲೆಂದೇ ಕೂತೆ.

ಕಣ್ಣಿನ ಪೊರೆ ತೆಗೆಸಲು ಅವಳು ಒಪ್ಪದಿದ್ದದ್ದು ನಿಮಗೆ ಗೊತ್ತು. "ಲೂರ್ದು ಬಂದು ಪಕ್ದಲ್ಲಿ ಕೂತ್ಕೊಳ್ಳಿ, ಆಮೇಲೆ ಡಾಕ್ಟ್ರು ಏನ್ ಬೇಕಾದ್ರೂ ಮಾಡ್ಲಿ" ಎಂದು ಒಂದೇ ಹಟ. ತಡಮಾಡಿದರೆ ಇರುವ ನೋಟವೂ ಹೋದೀತು ಎಂದರು ಡಾಕ್ಟರು. ಮಳೆ ನಿಲ್ಲುವವರೆಗೆ ಬದಲಿಯವನು ದ್ವೀಪದಲ್ಲಿ ಇಳಿಯಲಾರ ಎಂದಿರಿ ನೀವು. ನಿಮಗೆ ಬದಲಾಗಿ ಬಂದದ್ದು ಅಮ್ಮ ಕೇಳಿ ನಿಮ್ಮಿಂದ ಬರೆಸಿಕೊಂಡ ದೀಪಸ್ತಂಭದ ಚರಿತ್ರೆಯ ಕಾಗದ.

ಸಂಜೆ ಜಪಮಾಲೆ ಮುಗಿದ ಮೇಲೆ ದಿನಕ್ಕಿಷ್ಟರಂತೆ ಓದಿದೆ. ಬೆಸ್ತರು ಬಂಡೆಯ ಮೇಲೆ ಸೌದೆ ಉರಿಸುತ್ತಿದ್ದದ್ದು, ಆಮೇಲೆ ಕಂಬಕ್ಕೆ ಲಾಂದ್ರ ಏರಿಸಿದ್ದು, ದೋಣಿಗಳಲ್ಲಿ ಕಲ್ಲು ಸಾಗಿಸಿ ಗೋಪುರ ಕಟ್ಟಿದ್ದು, ಎಲ್ಲ ಕೇಳಿದಳು. ಮಾತೆಯ ಸ್ವರೂಪದ ಮುಂದೆ ನಾವು ಹಚ್ಚಿಡುವಂತೆ ನೀವೂ ಬತ್ತಿ ಹಚ್ಚಿ ಮಲಗಿಬಿಡುತ್ತೀರೆಂದೇ ಪಾಪ ಇಷ್ಟು ವರ್ಷ ತಿಳಿದಿದ್ದಳು! ಗೋಪುರ ಕಟ್ಟಿದ ಮೊದಲ ಮಳೆಗಾಲದಲ್ಲಿ ದೀಪ ಮಂಕಾಯಿತೆಂದು ಹಡಗಿನವರು ದೂರಿದರಲ್ಲ. ಎಣ್ಣೆ ಬದಲಿಸಿ, ಬತ್ತಿ ಬದಲಿಸಿ, ಕೊನೆಗೆ ನೋಡಿದರೆ ಹೊರಗಿನ ಗಾಜಿಗೆ ಉಪ್ಪು ಕಟ್ಟಿತ್ತಲ್ಲ. ಅಲ್ಲಿಗೆ ಬಂದಾಗ ಅಮ್ಮ ಕೈ ಅಡ್ಡ ಹಿಡಿದಳು. "ತಡಿಯೋ. ಒಳಗೆ ದೀಪ ಚೆನ್ನಾಗೇ ಉರೀತಿತ್ತಾ?" ಹೌದೆಂದೆ. "ಹಂಗಾದ್ರೆ ನಂದೂ ಗಾಜೇ ಕಣೋ. ನಾಳೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬುಡು" ಎಂದಳು.

ಹೋದೆವು. ಮೊನ್ನೆ ಕಟ್ಟು ಬಿಚ್ಚಿದರು. ದಪ್ಪ ಕನ್ನಡಕದಲ್ಲಿ ಎಡಗಣ್ಣು ಚೆನ್ನಾಗಿ ಕಾಣುತ್ತಿದೆ. ಡಾಕ್ಟರಿಗೆ ಅಲ್ಲೇ ಕೈಮುಗಿದೆ. ಆದರೆ ಅಮ್ಮನನ್ನು ಆಸ್ಪತ್ರೆಯ ಬಾಗಿಲು ದಾಟಿಸಿದವರು ನೀವು. ನನ್ನನ್ನು ಓದಿಸಿದ್ದಕ್ಕೆ ಬಾಯಿಬಿಟ್ಟು ಒಂದು ಮಾತು ಹೇಳಿದವನಲ್ಲ ನಾನು. ಅದನ್ನೂ ಸೇರಿಸಿ ಇಲ್ಲೇ ನಮಸ್ಕರಿಸುತ್ತೇನೆ ಅಣ್ಣ. ದೇವರು ನಿಮ್ಮನ್ನು ಗಾಳಿಮಳೆಯಲ್ಲಿ ಕಾಯಲಿ.

ನಿಮ್ಮ ತಮ್ಮ,
ಆಂತೋಣಿ

ತಾ.ಕ.: ಅಂಚೆಗೆ ಹೊತ್ತಾಯಿತು. ಕನ್ನಡಕ ಹಾಕಿಸಿದೊಡನೆ ಅಮ್ಮ ನನ್ನನ್ನು ನೋಡಿ ಅಂದದ್ದು, "ಎಷ್ಟ್ ಮುದ್ಕ ಆಗ್ಬುಟ್ಟಿದೀಯೋ!" ಬಲಗಣ್ಣನ್ನು ಮಾತ್ರ ಮುಟ್ಟಗೊಡುತ್ತಿಲ್ಲ. "ಇವ್ನ ನೋಡೋಕೆ ಒಂದ್ ಕಣ್ಣು ಸಾಕು, ಇನ್ನೊಂದು ಲೂರ್ದು ಬಂದ್ಮೇಲೆ" ಅನ್ನುತ್ತಾಳೆ. ಈ ಸಲ ಕಾಗದ ಓದಿದರೆ ನಡೆಯುವುದಿಲ್ಲ. ನೀವೇ ಬನ್ನಿ.