ಗಾಣಕ್ಕೆ ಬಿದ್ದ ಸೀಲು

೬ ಜನವರಿ ೧೯೮೨, ಕಂಪ್ಲಿ

ಇವತ್ತೂ ಊಟಕ್ಕೆ ಕೂತಕೂಡಲೇ ಅಪ್ಪ–ಮಗನ ಡಿಬೇಟ್! ಹೊಸಪೇಟೆಯ ನಮ್ಮ ಕಾನ್ವೆಂಟ್‌ನಲ್ಲಿ ಇಂಥದನ್ನು ಬೆಲ್ ಹೊಡೆದು ನಿಲ್ಲಿಸುತ್ತಿದ್ದರು. ಇಲ್ಲಿ ಬೆಲ್ ಇಲ್ಲ, ಅತ್ತೆ ಇದ್ದಾರೆ.

ವಿಷಯ ಅದೇ. ಕಬ್ಬು ಕಡಿಯಲು ಫ್ಯಾಕ್ಟರಿ ಇನ್ನೂ ಆರ್ಡರ್ ಕೊಟ್ಟಿಲ್ಲ. ಸೂಲಂಗಿ ಬಂದಾಯಿತು — ಹೂ ಬಿಟ್ಟ ಕಬ್ಬು ಒಳಗೊಳಗೇ ಒಣಗುತ್ತದಂತೆ. ಬೇರೆಯವರಿಗೆ ಮಾರುವಂತಿಲ್ಲ, ಬೆಲ್ಲ ಮಾಡುವಂತಿಲ್ಲ. ಈ ಸುತ್ತಿನ ಕಬ್ಬೆಲ್ಲ ಒಂದೇ ಫ್ಯಾಕ್ಟರಿಗೆ ಎಂದು ಸರ್ಕಾರದ ಆದೇಶ.

ಇವರು: "ಸರ್ಕಾರ ಕೈ ತಗೀಲಿ, ಯಪ್ಪಾ. ನಮ್ಮ ಹೊಲ, ನಮ್ಮ ಕಬ್ಬು. ಆ ಕಾನೂನು ಇಲ್ಲಂದ್ರ ಫ್ಯಾಕ್ಟರಿ ಅನ್ನೋದು ಒಂದು ದೊಡ್ಡ ಅಂಗಡಿ, ಅಷ್ಟ."

ಮಾವ: "ಸರ್ಕಾರ ಕಾಲುವಿ ತರದಿದ್ರ ನೀ ಕಬ್ಬು ಎಲ್ಲಿ ನೋಡ್ತಿದ್ದಿಲೇ, ಜಾಲಿ ನೋಡ್ತಿದ್ದಿ. ಸರ್ಕಾರ ಕೈ ತಗದ್ರ ಫ್ಯಾಕ್ಟರಿ ಕಾಲು ಇಡ್ತೈತಿ. ಸರ್ಕಾರನ್ನ ಓಟು ಹಾಕಿ ಇಳಸ್ತೀವಿ. ಫ್ಯಾಕ್ಟರಿ ಸಾವ್ಕಾರನ್ನ ಹೆಂಗ ಇಳಸ್ತಿ?"

ಅತ್ತೆ: "ಮೊದಲು ಇಬ್ರೂ ರೊಟ್ಟಿ ಗಂಟಲದಾಗ ಇಳಸ್ರಿ. ಆರಾಕತ್ಯಾವು."

ನಕ್ಕುಬಿಟ್ಟೆ. ವಾದ ಮಾಡುವಾಗ ಇವರ ಮೂಗಿನ ತುದಿ ಕೆಂಪಾಗುತ್ತದೆ. ಸೋ ಹ್ಯಾಂಡ್ಸಮ್!

೧೦ ಜನವರಿ

ಸೀಕ್ರೆಟ್!! ಹೊಳೆದಂಡೆಯ ಗದ್ದೆಯಲ್ಲಿ ಬೆಲ್ಲದ ಗಾಣ ಹೂಡಿದ್ದಾರೆ. ಹೊಗೆ ಕಾಣದಿರಲೆಂದು ರಾತ್ರಿ ಮಾತ್ರ. ಕೊನೆಗೆ ಮಾವನೂ ಒಪ್ಪಿದರು — ಬೆಳೆ ಒಣಗುವುದನ್ನು ನೋಡಲಾರರು. ಮನೆಯವರನ್ನು ಬಿಟ್ಟರೆ ಗೊತ್ತಿರುವುದು ಬೆಲ್ಲ ಕಾಯಿಸುವ ಮಾರೆಪ್ಪನಿಗೆ ಮಾತ್ರ. ಇವರು ಬಿಸಿ ಬೆಲ್ಲ ಎಲೆಯಲ್ಲಿ ತಂದುಕೊಟ್ಟರು. ನಾಲಿಗೆ ಸುಟ್ಟಿತು. ಆಹಾ…

೧೪ ಜನವರಿ, ಸಂಕ್ರಾಂತಿ

ಮನೆತುಂಬ ಹೆಂಗಸರು. ಹೊಸ ಸೊಸೆ ಗಂಡನ ಹೆಸರು ಹೇಳಬೇಕಂತೆ. ಸುಮ್ಮನೆ ಹೇಳುವಂತಿಲ್ಲ — ಪ್ರಾಸದ ಒಡಪು ಕಟ್ಟಿ, ಅದರೊಳಗೆ ಸೇರಿಸಿ. ಅಕ್ಕನಾಗಮ್ಮ ಬಾಗಿಲಿಗೆ ಅಡ್ಡ ನಿಂತಳು. ರೈತರ ಕಬ್ಬು ನೋಡಿಕೊಳ್ಳುವ ಫ್ಯಾಕ್ಟರಿ ಫೀಲ್ಡ್‌ಮನ್‌ನ ಹೆಂಡತಿ.

"ಇಂಗ್ಲಿಷ್ ಸಾಲಿ ಕಲ್ತಾಕಿಗೆ ಒಡಪು ಎಲ್ಲಿ ಬರತೈತಿ, ಬಿಡ್ರೆವ್ವ."

ನನಗೆ ಬರುವುದಿಲ್ಲವೇ? ಅಲ್ಲೇ ಕಟ್ಟಿದೆ:

ಕಬ್ಬಿನ ಹಾಲು ಕುದ್ದರ ಪಾಕ, ಪಾಕ ಆರಿದರ ಬೆಲ್ಲ,
ಹೊಳಿದಂಡಿ ಗಾಣ ರಾತ್ರೆಲ್ಲ ನಿಂತಿಲ್ಲ,
ವಿರುಪಾಕ್ಷಪ್ಪನಂಥ ಗಂಡ ಕಂಪ್ಲ್ಯಾಗ ಯಾರಿಗೂ ಇಲ್ಲ!

ಚಪ್ಪಾಳೆಯೋ ಚಪ್ಪಾಳೆ! ಅತ್ತೆ ಮಾತ್ರ ಎಳ್ಳಿನ ತಟ್ಟೆ ಹಿಡಿದು ಒಳಗೆ ಹೋದರು. ಹೊಟ್ಟೆಕಿಚ್ಚು ಇರಬಹುದೇ?

೧೬ ಜನವರಿ, ಬೆಳಿಗ್ಗೆ ೧೧

ಗಾಣಕ್ಕೆ ಸೀಲು. ತಾಲೂಕು ಕಚೇರಿಯವರು ಬಂದಿದ್ದರು. ಬೆಲ್ಲ, ಕೊಪ್ಪರಿಗೆ ಎಲ್ಲ ಜಪ್ತಿ.

"ನೋಡಪ್ಪಾ, ನಿನ್ನ ಸರ್ಕಾರ" — ಇವರು.

"ಯಾರ ಜೀಪಿನ್ಯಾಗ ಬಂತು? ಅದನ್ನೂ ನೋಡಲೇ" — ಮಾವ.

ಜೀಪು ಫ್ಯಾಕ್ಟರಿಯದು.

ಯಾರೋ ಹೇಳಿದ್ದಾರೆ. ಯಾರು?

೧೭ ಜನವರಿ

ಎಲ್ಲರ ಮುಖ ನೋಡುತ್ತಿದ್ದೇನೆ. ಮಾವನೇ? ಕಾನೂನೆಂದರೆ ಗೌರವ ಅವರಿಗೆ… ಛೆ. ಇವರು? ನಿನ್ನೆಯಿಂದ ನನ್ನ ಜೊತೆಗೂ ಮಾತಿಲ್ಲ. ಅತ್ತೆ ನನ್ನನ್ನೇ ನೋಡುತ್ತಾರೆ, ನಾನು ನೋಡಿದರೆ ಒಲೆಯ ಕಡೆ ತಿರುಗುತ್ತಾರೆ. ಏನನ್ನೋ ಮುಚ್ಚಿಡುತ್ತಿದ್ದಾರೆ.

ಮಾರೆಪ್ಪ! ಬೆಳಿಗ್ಗೆ ಕಣ್ಣು ತಪ್ಪಿಸಿದ. ಅವನ ತಮ್ಮ ಫ್ಯಾಕ್ಟರಿಯ ಲಾರಿ ಓಡಿಸುತ್ತಾನೆ. ಊಟಕ್ಕೆ ಬಡಿಸುತ್ತ ಹೇಳಿಯೇಬಿಟ್ಟೆ. ಅಪ್ಪ–ಮಗ ಮೊದಲ ಬಾರಿಗೆ ಒಂದೇ ಮಾತಿಗೆ ತಲೆಯಾಡಿಸಿದರು. ಹೆಮ್ಮೆ ಎನಿಸಿತು.

೨೦ ಜನವರಿ

ಅಕ್ಕನಾಗಮ್ಮನ ಗಂಡ ಬಂದಿದ್ದ. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಇವರಿಗೆ ಹೇಳಿದ:

"ನಿಮ್ಮ ಕಬ್ಬಿನ ಪಾಳಿ ಕಡೀಗೆ ಬರತೈತ್ರಿ. ಅಲ್ಲೀಮಟ ಮನ್ಯಾಗ ಒಡಪು ಕೇಳ್ಕೊಂತ ಇರ್ರಿ. ಭಾಳ ಚಂದ ಕಟ್ಟತಾರಂತ."

ಇವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು… 'ಹೊಳಿದಂಡಿ ಗಾಣ'! ಒಳಗೆ ಓಡಿದೆ.

ಅತ್ತೆ ರೊಟ್ಟಿ ತಟ್ಟುತ್ತಲೇ ಅಂದರು: "ನನಗ ಅವತ್ತ ಗೊತ್ತಾತು. ಸುಮ್ನಿರವ್ವ. ಹೊಸ ಸೊಸಿ, ಹೆಸರು ಕೆಡಬಾರದು. ಮಾರೆಪ್ಪಗ ಎಲ್ಲೆರ ಕೂಲಿ ಸಿಗತೈತಿ."

೨೧ ಜನವರಿ, ಬೆಳಿಗ್ಗೆ

ಮಾರೆಪ್ಪನನ್ನು ಅಂಗಳಕ್ಕೆ ಕರೆಸಿದ್ದಾರೆ. ಇವರು ಕಂಬಕ್ಕೊರಗಿ ನಿಂತಿದ್ದಾರೆ. ಎಲ್ಲ ಕೇಳಿಸುತ್ತಿದೆ.

"ನಿಮ್ಮ ಅನ್ನ ಉಂಡ ಬಾಯಿ ಐತ್ರಿ ಇದು, ಧಣ್ಯಾರ. ನಾ ಯಾರ ಮುಂದೂ ಅಂದಿಲ್ಲ."

"ಮತ್ತ್ಯಾರಂದ್ರು? ನಮ್ಮ ಮನ್ಯಾಗಿನವ್ರು ಅಂದ್ರ? ನಾಳಿಂದ ಬರಬ್ಯಾಡ" — ಮಾವ.

ಮುಗಿಯಿತು. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ. ನನ್ನದೊಂದು ಅನುಮಾನ, ಅಷ್ಟೇ ಸಾಕಾಯಿತು. ಮಾವನನ್ನು ಮಾರೆಪ್ಪ ಯಾವ ಓಟು ಹಾಕಿ ಇಳಿಸಬೇಕು? ಇವರನ್ನು? ನನ್ನನ್ನು?

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಕೈಸನ್ನೆ — ಸುಮ್ಮನಿರು.

ಮಾರೆಪ್ಪ ಚಪ್ಪಲಿ ಮೆಟ್ಟುತ್ತಿದ್ದಾನೆ. ಕಿಟಕಿ ತೆರೆದಿದೆ. ಒಡಪು ಗಿಡಪು ಬೇಡ, ಗಂಡನ ಹೆಸರು ಹಿಡಿದೇ ಕೂಗುತ್ತೇನೆ, ಓಣಿಯೆಲ್ಲ ಕೇಳಲಿ, ಹೇಳಿದ್ದು ನಾ—