ಕೂರಲು ಬಾರದ ಗೊಂಬೆ

೪ ಆಗಸ್ಟ್ ೧೯೬೩, ಭಾನುವಾರ

ತಂಗಿ ಕೃಷ್ಣಮ್ಮ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟಳು. ನಾನು ಬಟ್ಟೆ ಗೊಂಬೆಯ ಪ್ಯಾಟರ್ನು ಟ್ರೇಸ್ ಮಾಡಿದೆ. ತಲೆ, ಮುಂಡ, ತೋಳು, ಕಾಲು. ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಮಡಿಕೆ ಇದ್ದಲ್ಲೆಲ್ಲ ಬಿರುಕು. ಹೆಬ್ಬಾಳದ ಬಂಗಲೆಯ ದೊರೆಸಾನಿ ಊರಿಗೆ ಹೊರಟಾಗ ಹರಾಜಿನಲ್ಲಿ ಹಿಡಿದ ಟ್ರಂಕಿನ ತಳದಲ್ಲಿತ್ತು. ಬೇಕಾಗಿದ್ದದ್ದು ಟ್ರಂಕು. ಜೊತೆಗೆ ಈ ಪ್ಯಾಟರ್ನುಗಳು ಬಂದವು — ಗೊಂಬೆ, ಆನೆ, ಮೊಲ. ಎಲ್ಲ ನಲವತ್ತು ವರ್ಷ ಹಳೆಯವು, ಲಂಡನ್ನಿನಲ್ಲಿ ಅಚ್ಚಾದವು.

ಆಫೀಸಿನಲ್ಲಿ ನಾನು ಎಳೆಯುವ ಡ್ರಾಯಿಂಗುಗಳಲ್ಲಿ ಈಗ ಮಿಲಿಮೀಟರು. ಮನೆಯಲ್ಲಿ ಇನ್ನೂ ಇಂಚು. ಕೈಗೆ ಭೇದವಿಲ್ಲ.

ಹಳೆಯ ಪ್ಯಾಟರ್ನಿನಲ್ಲಿ ಹೊಲಿಗೆಗೆ ಅಂಚು ಬಿಟ್ಟಿರುವುದಿಲ್ಲ. ಸುತ್ತ ಕಾಲಿಂಚು ಸೇರಿಸಿದೆ. ಸಂಜೆಗೆ ಮೊದಲ ಗೊಂಬೆ ಸಿದ್ಧ. ಗೋಡೆಗೆ ಒರಗಿ ನಿಂತಿದೆ. ಚೆನ್ನಾಗಿದೆ. ಅನುಮಾನವಿಲ್ಲ.

೬ ಆಗಸ್ಟ್

ದಾಸರಹಳ್ಳಿಯಿಂದ ನರಸಿಂಹಯ್ಯ ಬಂದಿದ್ದರು. ಕೃಷ್ಣಮ್ಮನ ಭಾವ, ಗಂಡನ ಅಣ್ಣ; ಅವಳ ಗಂಡ ತೀರಿಕೊಂಡ ಮೇಲೆ ನಮ್ಮ ಮೇಲೆ ಅವರದೊಂದು ಕಣ್ಣು. ಕಾಫಿ ಮುಗಿಯುವವರೆಗೆ ರಾಗಿ, ಮಳೆ. ಆಮೇಲೆ ವಿಷಯ. ಮನೆಯ ಸೊಸೆ ಅಣ್ಣನ ಮನೆಯಲ್ಲಿ ಗೊಂಬೆ ಹೊಲಿಯುತ್ತ ಕೂತಿದ್ದಾಳೆಂದು ಊರವರು ಆಡಿಕೊಳ್ಳುತ್ತಾರಂತೆ. ಅವರ ಹೆಂಡತಿಗೆ ಸೊಂಟನೋವು. ಅಡುಗೆಗೆ, ಕೊಟ್ಟಿಗೆಗೆ ಕೈ ಸಾಲದು. ಗೌರಿ ಹಬ್ಬ ಕಳೆದ ಮೇಲೆ ಗಾಡಿ ತರುತ್ತೇನೆ ಎಂದರು. ಹೇಳಿದ್ದೆಲ್ಲ ನನಗೆ. ಅವಳು ಒಳಗೆ ಇದ್ದಳು.

ಅವರು ಹೋದ ಮೇಲೆ ಹೊರಗೆ ಬಂದಳು.

"ಮಾರ್ಕೆಟ್ ಅಂಗಡಿ ಖಾದರ್ ಬಾಷಾ ನಮ್ ಗೊಂಬೆ ತಗೊಂಡ್ರೆ ನಾನ್ ಹೋಗಲ್ಲ ಅಣ್ಣ. ತಗೊಳ್ದಿದ್ರೆ ಹೋಗ್ತೀನಿ. ನಿನ್ ತಟ್ಟೇಲಿ ಪಾಲು ತಗೊಂಡು ಇರಲ್ಲ."

ಅವಳಿರುವ ಮನೆ, ಅವಳಿಲ್ಲದ ಮನೆ — ಎರಡು ಪ್ಲಾನುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಗೆರೆ ಕೂಡಲಿಲ್ಲ.

೧೦ ಆಗಸ್ಟ್

ಯಶವಂತಪುರ ಮಾರ್ಕೆಟ್ಟು. ಖಾದರ್ ಬಾಷಾನ ಆಟದ ಸಾಮಾನಿನ ಅಂಗಡಿ. ಹೊಲಿಗೆ ಎಳೆದು ನೋಡಿದ, ಬಿಚ್ಚಲಿಲ್ಲ. ಮೆಚ್ಚಿದ. ಆಮೇಲೆ ನೆಲದ ಮೇಲೆ ಕೂರಿಸಿದ. ಕಾಲು ಎರಡೂ ಸೌದೆಯ ಹಾಗೆ ಮುಂದಕ್ಕೆ... ಗೊಂಬೆ ಮೆಲ್ಲಗೆ ಹಿಂದಕ್ಕೆ ಮಲಗಿತು.

"ಮಾಲು ಫಸ್ಟ್ ಕ್ಲಾಸ್ ಸಾರ್. ಜೊತೇಲಿ ಒಂದು ಕುರ್ಚೀನೂ ಕೊಡ್ತೀರಾ?"

ನಮ್ಮ ಹುಡುಗಿಯರು ನೆಲದ ಮೇಲೆ ಅಡುಗೆ ಆಟ ಆಡುತ್ತಾರೆ, ಮಲಗಿದ ಗೊಂಬೆಗೆ ಬಡಿಸುವುದು ಹೇಗೆ ಎಂದ. ಚಕ್ಕಳಮಕ್ಕಳ ಹಾಕಿ ಕೂರುವುದನ್ನು ತಂದರೆ, ದಸರೆಗೆ ಎಷ್ಟು ಹೊಲಿದರೂ ತನಗೇ ಬೇಕಂತೆ. ಇದು ಮಾತ್ರ ಬೇಡವಂತೆ.

ಈ ಕಾಗದ ಬರೆದವರ ಊರಿನಲ್ಲಿ ಮಕ್ಕಳಿಗೂ ಕುರ್ಚಿ ಇತ್ತು. ಅಷ್ಟೆ. ಮಾಡಬಹುದು.

೧೪ ಆಗಸ್ಟ್, ಬೆಳಿಗ್ಗೆ

ಮಂಡಿಗೆ ಅಡ್ಡಗೆರೆ ಎಳೆದೆ. ಅಲ್ಲಿ ಬೆರಳಗಲ ಹತ್ತಿ ತುಂಬದೆ ಬಿಟ್ಟು ಹೊಲಿಗೆ. ತೊಡೆಯ ಬುಡದಲ್ಲೂ ಹಾಗೇ. ಮಡಿಚಿತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತವರ ಹಾಗೆ ಕೂತಿತು — ಬೆಂಚು ಮಾತ್ರ ಇಲ್ಲ. ಬಿತ್ತು.

ಕೃಷ್ಣಮ್ಮ ನಕ್ಕಳು. "ನಿನ್ ಹಾಗೇ ಕಣಣ್ಣ. ನೆಲ ಕಂಡ್ರಾಗಲ್ಲ."

ನಗು ಬೇಗ ನಿಂತಿತು. ಹಬ್ಬ ಹತ್ತಿರ.

೧೫ ಆಗಸ್ಟ್

ರಜೆ. ಅವಳು ನೆಲದ ಮೇಲೆ ಕೂತು ನಿನ್ನೆಯ ಹೊಲಿಗೆ ಬಿಚ್ಚುತ್ತಿದ್ದಳು. ನೋಡಿದೆ. ಕೂತವರನ್ನು ಜೀವಮಾನವೆಲ್ಲ ಕಂಡಿದ್ದೇನೆ. ಕಾಲು ಎಲ್ಲಿಗೆ ಹೋಗುತ್ತದೆಂದು ನೋಡಿರಲಿಲ್ಲ. ಮಂಡಿ ಮುಂದಕ್ಕಲ್ಲ, ಪಕ್ಕಕ್ಕೆ. ಮಡಿಕೆ ಅಡ್ಡವಲ್ಲ... ಓರೆ.

ಕಾಗದದ ಕಾಲಿನ ಮೇಲೆ ಓರೆಗೆರೆ ಎಳೆದು ಮಡಿಚಿದೆ. ಪಾದ ತಾನಾಗಿ ಎದುರು ತೊಡೆಯ ಕೆಳಗೆ ಸರಿಯಿತು. ಎಡಗಾಲಿಗೊಂದು ಓರೆ, ಬಲಗಾಲಿಗೆ ಅದರ ಕನ್ನಡಿ. ಹಳೆಯ ಪ್ಯಾಟರ್ನಿನಲ್ಲಿ ಒಂದೇ ಕಾಲು ಇತ್ತು. ಇನ್ನು ಮೇಲೆ ಎರಡು.

ಕೂರುವ ಜಾಗಕ್ಕೆ ಅವಳು ಪುಟ್ಟ ಚೀಲದಲ್ಲಿ ಮರಳು ಕಟ್ಟಿ ಇಟ್ಟಳು. ನಾನು ಹೇಳಿರಲಿಲ್ಲ. ಗೊಂಬೆ ಕೂತಿತು. ತಳ್ಳಿದೆ. ಕೂತೇ ಇತ್ತು.

೧೭ ಆಗಸ್ಟ್

ಖಾದರ್ ಬಾಷಾ ಗೊಂಬೆಯನ್ನು ನೆಲದ ಮೇಲಿಟ್ಟ. ಎದುರಿಗೆ ತನ್ನ ಟೀ ಸಾಸರು ಇಟ್ಟ. ದೂರ ಹೋಗಿ ನೋಡಿದ, ಹತ್ತಿರ ಬಂದು ನೋಡಿದ.

"ಹೊಲೀತಾ ಇರಿ ಸಾರ್. ನಿಲ್ಲಿಸ್ಬೇಡಿ."

ಹೊಲಿಯುವುದು ನಾನಲ್ಲ, ತಂಗಿ ಎಂದೆ. ಹಾಗಾದರೆ ಅವರಿಗೇ ಹೇಳಿ ಎಂದ. ಮನೆಗೆ ಬಂದು ಹೇಳಿದೆ. ತಕ್ಷಣ ಎದ್ದು, ಹೊಲಿದ ಮೇಲೆ ಕುಗ್ಗದಿರಲೆಂದು, ಗೊಂಬೆಯ ಬಟ್ಟೆ ನೆನೆಹಾಕಿದಳು.

೧ ಸೆಪ್ಟೆಂಬರ್, ಭಾನುವಾರ

ಹಬ್ಬ ಬಂದು ಹೋದದ್ದೇ ತಿಳಿಯಲಿಲ್ಲ. ಮನೆ ತುಂಬ ಹತ್ತಿ. ಕಾಫಿಯಲ್ಲೂ ಹತ್ತಿ.

ಹತ್ತು ಗಂಟೆಗೆ ನರಸಿಂಹಯ್ಯ. ಬಾಗಿಲಲ್ಲಿ ಗಾಡಿ. ಭಾವ ಬಂದರೆ ತಮ್ಮನ ಹೆಂಡತಿ ಎದ್ದು ಒಳಗೆ ಹೋಗಬೇಕು, ಮದುವೆಯಾದಾಗಿನಿಂದ ಹೋಗಿದ್ದಾಳೆ. ಇವತ್ತು ನಡುಮನೆಯಲ್ಲಿ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದಳು. ಸೆರಗು ಎಳೆದುಕೊಂಡಳು. ಏಳಲಿಲ್ಲ.

"ಕೂತ್ಕೊಳ್ಳಿ ಭಾವ. ಮಧ್ಯದಲ್ಲಿ ಕತ್ತರಿ ಬಿಟ್ರೆ ಬಟ್ಟೆ ಹಾಳಾಗುತ್ತೆ."

ಅವರು ನನ್ನತ್ತ ನೋಡಿದರು. ನಾನು ಗೆರೆ ಎಳೆಯುತ್ತಿದ್ದೆ.

"ಗಾಡಿ ಕಾಯ್ತೈತೆ ಕಣಮ್ಮ."

"ಕಾಯ್ಸಬೇಡಿ. ಅಕ್ಕನ ಸೊಂಟಕ್ಕೆ ಎಣ್ಣೆ ಕಾಯಿಸಿ ಇಟ್ಟಿದ್ದೀನಿ, ತಗೊಂಡ್ಹೋಗಿ. ನಾನ್ ಬರಲ್ಲ."

ನರಸಿಂಹಯ್ಯ ಊರಿನ ಮಾತು ತೆಗೆದರು, ತಮ್ಮನ ಹೆಸರು ತೆಗೆದರು. ತಮ್ಮನ ಹೆಸರಿಗೆ ಅವಳ ಕೈ ನಿಂತಿತು, ಮತ್ತೆ ನಡೆಯಿತು. ನಿಂತು ನಿಂತು ಕಾಲು ಸೋತಿರಬೇಕು. ಪಂಚೆ ಮೇಲಕ್ಕೆತ್ತಿ, ಅವಳ ಎದುರಿಗೆ, ನೆಲದ ಮೇಲೆಯೇ ಕೂತರು. ಒಂದು ಗೊಂಬೆ ಎತ್ತಿ ತಿರುಗಿಸಿದರು. ಇಟ್ಟರು. ತಳ್ಳಿ ನೋಡಿದರು.

"ಇದೇನಮ್ಮ ಇಂಗೆ ಕೂತೈತೆ, ಮನ್ಸರಂಗೆ."

ಮೊಮ್ಮಗಳಿಗೆ ಇದೊಂದು ಇರಲಿ ಎಂದು ಬಗಲಿಗಿಟ್ಟುಕೊಂಡರು. ಕೃಷ್ಣಮ್ಮ ತಲೆ ಎತ್ತದೆ ಬೆಲೆ ಹೇಳಿದಳು.

ಅವರು ಜೇಬಿಗೆ ಕೈ ಹಾಕಿದರು. ನಾನು ಆ ಕಡೆ ನೋಡಲಿಲ್ಲ. ಎಳೆಯುತ್ತಿದ್ದ ಗೆರೆ ಮಾತ್ರ ಕಾಗದ ದಾಟಿ ನೆಲಕ್ಕೆ ಇಳಿದಿತ್ತು.