ಏಳನೆಯ ಎಂಟರ್

ಅಕ್ಟೋಬರ್ 6, ಬೆಳಿಗ್ಗೆ 7
ಮಸಾಜ್ ಕೇಂದ್ರದಲ್ಲಿ ಮೊದಲ ಗಿರಾಕಿ ಹತ್ತೂವರೆಗೆ. ಅಷ್ಟರೊಳಗೆ ತಾಕ್ ಮೇಷ್ಟ್ರ ಕೆಲಸ. ಅಂಧರ ಶಾಲೆಯಲ್ಲಿ ಸಂಗೀತ ಕಲಿಸಿದವರು. ಅವರ ಬ್ರೈಲ್ ಸ್ವರಲಿಪಿಗಳೆಲ್ಲ ಹಳೇ ಪ್ರೋಗ್ರಾಮಿನಲ್ಲಿವೆ, ಹೊಸ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ. ಹೆಂಡತಿ ಬದುಕಿದ್ದಾಗ ಅಚ್ಚಿನ ಪುಸ್ತಕ ಓದಿ ಹೇಳಿದಂತೆ ಇವರು ಟೈಪ್ ಮಾಡಿದ್ದು — ಹನ್ನೆರಡು ವರ್ಷ. ಇರುವುದು ಒಂದೇ ಡಿಸ್ಕ್. ಕಾಪಿ ಇಲ್ಲ.

ಉಪಾಯ: ವರ್ಚುವಲ್ ಮಷೀನ್. ನನ್ನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್, ಅದರಲ್ಲಿ ಹಳೇ ವಿಂಡೋಸ್. ಆದರೆ ಇನ್‌ಸ್ಟಾಲ್ ಮುಗಿಯುವ ತನಕ ಅದು ಮೂಗ. ಸ್ಕ್ರೀನ್ ಮೇಲಿನದನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರಿಗೆ ಒಂದಕ್ಷರವೂ ಸಿಗುವುದಿಲ್ಲ. ನಮ್ಮ ಕುರುಡರ ಗುಂಪಿನಲ್ಲಿ ಯಾರೋ ಪುಣ್ಯಾತ್ಮ ಪಟ್ಟಿ ಹಾಕಿದ್ದಾನೆ — ಯಾವ ಕೀ, ಎಷ್ಟು ಸಲ, ಎಷ್ಟು ನಿಮಿಷ ಕಾಯಬೇಕು. ಎಣಿಸಿ ಒತ್ತುವುದು.

ಅಕ್ಕ ಬಾಗಿಲಲ್ಲಿ: “ಸ್ಕ್ರೀನ್ ಮೇಲೆ ಏನಿದೆ ಓದ್ಲೇನೇ?”

“ಬೇಡ ಕಣೇ. ನಿನ್ನ ಕಣ್ಣಿನ ಹಂಗಿಲ್ದೇನೇ ಮಾಡ್ತೀನಿ.”

ಹೋದಳು. ಮುಖ ಊದಿಸಿಕೊಂಡೇ ಹೋಗಿರಬೇಕು.

ಬೆಳಿಗ್ಗೆ 9
ವಿಂಡೋಸ್ ಕೂತಿತು. ಧ್ವನಿ ಬಂತು. ಮೇಷ್ಟ್ರ ಡಿಸ್ಕ್ ತೆರೆದೆ... ಸಂಗೀತವಿಲ್ಲ. ವಿಂಡೋಸ್ ಕೂತಿರುವುದೇ ಅದರಲ್ಲಿ.

ಏಳನೆಯ ಎಂಟರ್ — ಮೊದಲ ಡಿಸ್ಕ್ ಆರಿಸಿ, ಅಳಿಸು. ಪಟ್ಟಿ ಒಂದೇ ಡಿಸ್ಕ್ ಇರುವವರಿಗೆ. ನಾನೋ, ಆಮೇಲೆ ತಡಕಾಡುವುದು ಬೇಡವೆಂದು ಮೇಷ್ಟ್ರದನ್ನು ಮೊದಲೇ ಸಿಕ್ಕಿಸಿದ್ದೆ. ಅದೇ ಮೊದಲನೆಯದಾಗಿತ್ತು. ಅಕ್ಕ ಒಂದು ಸಾಲು ಓದಿದ್ದರೆ ಸಾಕಿತ್ತು.

ಅಕ್ಟೋಬರ್ 8
ರಿಪೇರಿಯವನು: “ಮೇಲೆ ಬೇರೇದು ಬರೆದಾಗಿದೆ. ವಾಪಸ್ ಬರಲ್ಲ ಮೇಡಂ.”

ಮೇಷ್ಟ್ರ ಫೋನ್. “ಏನಮ್ಮಾ ಸು-ಗ್ಯೊಂಗ್, ಹಾಡ್ತಾ ಇದೆಯಾ ನನ್ನ ಡಬ್ಬ?”

“ಡಿಸ್ಕ್ ಮೊದ್ಲೇ ಕೆಟ್ಟಿತ್ತು ಮೇಷ್ಟ್ರೇ.”

ಬಾಯಿಗೆ ಹೇಗೆ ಬಂತೋ. ಅವರೇ ನನಗೆ ಸಮಾಧಾನ ಹೇಳಿದರು: “ಹೋಗ್ಲಿ ಬಿಡಮ್ಮ. ನಿಂಗೆ ಸುಮ್ನೆ ತೊಂದ್ರೆ ಕೊಟ್ಟೆ.” ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಕ್ಟೋಬರ್ 27
ಬರೆಯಲಾಗಿರಲಿಲ್ಲ. ಗಿರಾಕಿಯ ಬೆನ್ನು ಒತ್ತುವಾಗಲೂ ಎಣಿಸುತ್ತೇನೆ, ಏಳಕ್ಕೆ ಕೈ ನಿಲ್ಲುತ್ತದೆ.

ಇವತ್ತು ಮೇಷ್ಟ್ರ ಫೋನ್. “ಮೊನ್ನೆ ನನ್ನವಳ ತಿಥಿ ಆಯ್ತು. ಎಡೆ ಇಟ್ಟು ತಪ್ಪೊಪ್ಕೊಂಡೆ ಕಣಮ್ಮಾ — ಮನೆ ಬದಲಾಯಿಸೋವಾಗ ಡಿಸ್ಕ್ ನಾನೇ ಬೀಳಿಸಿರ್ಬೇಕು, ಕ್ಷಮಿಸ್ಬಿಡು ಅಂತ.”

ನನ್ನ ಪಾಪಕ್ಕೆ ಅವರು ಹೆಂಡತಿಯೆದುರು ಅಡ್ಡಬಿದ್ದಿದ್ದಾರೆ. ಥೂ, ನನ್ನ ಜನ್ಮಕ್ಕೆ.

ಅಕ್ಟೋಬರ್ 28, ಸಂಜೆ 4
ಮೇಷ್ಟ್ರನ್ನು ಕೇಂದ್ರಕ್ಕೇ ಕರೆಸಿದ್ದೇನೆ. ಭುಜ ಒತ್ತಿಕೊಡುತ್ತೇನೆಂದು... ಅದೂ ಒಂದು ನೆಪ. ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಾಯಿ ಮತ್ತೆ ಜಾರುತ್ತದೆ. ಮೆಟ್ಟಿಲ ಮೇಲೆ ಅವರ ಕೋಲಿನ ಸದ್ದು —

ಮೇಷ್ಟ್ರೇ, ನೀವು ಬೀಳಿಸಲಿಲ್ಲ. ಡಿಸ್ಕ್ ಚೆನ್ನಾಗೇ ಇತ್ತು. ಅದನ್ನು —